ಸಾಹೇಬರು ಆಜ್ಞೆ ಓದಿದ ಸಂಜೆ

ಅಮೆರಿಕದಲ್ಲಿ ನಾಟಕವೆಂದರೆ ಸೈತಾನನ ಕೆಲಸ ಎಂದು ದೊಡ್ಡವರು ಬೈಯುತ್ತಿದ್ದ ಕಾಲ. ಬಂದರಿನ ಊರೊಂದರ ಹಳೇ ಉಗ್ರಾಣದಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ರಂಗದ ಮೇಣದಬತ್ತಿಗಳ ಕುಡಿ ಕತ್ತರಿಸಿ ಬೆಳಕು ಕಾಯುವುದು ಎಬನ್‌ನ ಕೆಲಸ. ಅಂದು ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನ್ಯಾಯಾಧಿಕಾರಿ ಪ್ರಾಕ್ಟರ್ ಸಾಹೇಬರು ಆಟ ನಿಲ್ಲಿಸಲು ಬರುತ್ತಾರಂತೆ. ನಿಲ್ಲಿಸಿದರೆ ಕಂಪನಿಯವರೆಲ್ಲ ಈ ಹಿಮದಲ್ಲಿ ಬೀದಿಪಾಲು.

ಬಂದೇಬಿಟ್ಟರು. ಆಟದ ನಡುವೆಯೇ ದಡದಡ ರಂಗ ಹತ್ತಿದರು.

"ನಿಲ್ಲಿಸಿ! ಆಜ್ಞೆ ಓದುತ್ತೇನೆ!"

ನಟರು ಕಕ್ಕಾಬಿಕ್ಕಿ. ಎಬನ್ ಓಡಿಬಂದ. "ಕತ್ತಲಲ್ಲಿ ನಿಂತು ಓದಿದರೆ ನಿಮ್ಮ ಆಜ್ಞೆಗೇನು ಗೌರವ, ಸಾಹೇಬರೇ? ಮುಂದೆ ಬನ್ನಿ." ಇದ್ದಬದ್ದ ದೀಪಗಳನ್ನೆಲ್ಲ ಅವರ ಮುಂದೆ ತಂದಿಟ್ಟ.

ಊರಲ್ಲಿ ಇನ್ನು ನಾಟಕ ಆಡಕೂಡದು ಎಂಬ ಆಜ್ಞೆಯನ್ನು ಸಾಹೇಬರು ಗುಡುಗುತ್ತ ಓದಿದರು. ಇದೂ ನಾಟಕವೇ ಅಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಮೆಚ್ಚಿದ್ದನ್ನು ಮತ್ತೆ ಮತ್ತೆ ಆಡಿಸುವುದು ಅವರ ರೂಢಿ. "ಇನ್ನೊಮ್ಮೆ!" ಎಂದು ನೆಲ ಒದ್ದರು.

ಸಾಹೇಬರು ತಬ್ಬಿಬ್ಬಾದರು.

"ಹಿಂದಿನವರಿಗೆ ಕೇಳಿಸಿಲ್ಲವೇನೋ," ಎಂದ ಎಬನ್.

ಇನ್ನೊಮ್ಮೆ ಓದಿದರು, ಕೈ ಬೀಸಿ. ಜನ ಬಿಡಲಿಲ್ಲ. ಮತ್ತೂ ಒಮ್ಮೆ ಓದಿದರು, ಎದೆ ಮುಟ್ಟಿಕೊಂಡು, ಕಣ್ಣಲ್ಲಿ ನೀರು ತಂದು.

ಸಾಹೇಬರು ರಂಗದಿಂದ ಕೆಳಗಿಳಿದಾಗ ಎಬನ್ ಮೆಲ್ಲಗೆ ಕೇಳಿದ: "ನಾಳೆ ಬಾಗಿಲು ಹಾಕುತ್ತೇವೆ. ಆದರೆ ಇವತ್ತು ಬಾರದವರು ನಿಮ್ಮ ಆಜ್ಞೆ ಕೇಳುವುದು ಹೇಗೆ?"

ಸಾಹೇಬರು ಅತ್ತಿಂದಿತ್ತ ಶತಪಥ ಹಾಕಿದರು. ಕೆಮ್ಮಿದರು.

"ನಾಳೆಯೂ ಆಟ ಇಟ್ಟುಕೊಳ್ಳಿ. ಆಜ್ಞೆ ಊರಿಗೆಲ್ಲ ಮುಟ್ಟಬೇಕು."

ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಇನ್ನೆರಡು ದೀಪ ಜಾಸ್ತಿ ಇಡಪ್ಪ."