ಡೊಳ್ಳಪ್ಪ ಉಳಿಸಿಕೊಂಡ ಕೊಕ್ಕರೆ

ಕೆರೆಯಂಗಳದಲ್ಲಿ ಕೊಕ್ಕರೆಗಳು ಹಾಕಿ ಪಂದ್ಯ ಆಡುತ್ತಿದ್ದವು. ದಡದ ಕಪ್ಪೆಗಳು ಮನಸ್ಸಿನಲ್ಲೇ ಅವುಗಳನ್ನು ಕೊಂಡು, ಮನಸ್ಸಿನಲ್ಲೇ ತಂಡ ಕಟ್ಟಿ, ತಮ್ಮ ಕೊಕ್ಕರೆ ಹೊಡೆದ ಗೋಲಿಗೊಂದು ಅಂಕವೆಂದು ಪೈಪೋಟಿ ನಡೆಸುತ್ತಿದ್ದವು. ಕೊಕ್ಕರೆಗಳಿಗೆ ಇದರ ಸುಳಿವೇ ಇರಲಿಲ್ಲ. ಒಂದು ತಂಡದ ಕೊಕ್ಕರೆಗಳಿಗೆ ಲೆಕ್ಕಕ್ಕಷ್ಟೇ ಹಿಡಿದ ಸಂಬಳವೆಲ್ಲ ಸೇರಿ ನೂರು ತಾವರೆಬೀಜ ಮೀರಕೂಡದೆಂಬುದು ಕಪ್ಪೆಗಳ ಕಟ್ಟುಪಾಡು. ಈ ವರ್ಷ ಡೊಳ್ಳಪ್ಪನೆಂಬ ಕಪ್ಪೆಗೆ ಪೇಚಾಟಕ್ಕಿಟ್ಟುಕೊಂಡಿತು. ಅವನ ನೆಚ್ಚಿನ ಕೊಕ್ಕರೆಯೊಂದರ ಸಂಬಳವೇ ಎಂಬತ್ತಕ್ಕೇರಿತ್ತು. ಉಳಿಸಿಕೊಳ್ಳುವುದೋ, ಬಿಡುವುದೋ?

"ಬಿಟ್ಟುಬಿಡಿ ಭಾವ," ಎಂದಳು ನಾದಿನಿ. "ಅದು ಆಟದ ನಡುವೆ ನಮ್ಮವರನ್ನೇ ತಿನ್ನುತ್ತದೆ."

"ತಿನ್ನಲಿ ಬಿಡು, ಗೋಲನ್ನೂ ಹೊಡೆಯುತ್ತದಲ್ಲ! ಯಜಮಾನನನ್ನು ಮುಟ್ಟೀತೇ?" ಎಂದ ಡೊಳ್ಳಪ್ಪ ಇನ್ನೂ ಮೂರು ವರ್ಷಕ್ಕೆ ಅದನ್ನೇ ಉಳಿಸಿಕೊಂಡು, ಸಿಹಿಸುದ್ದಿ ತಿಳಿಸಲು ಕುಪ್ಪಳಿಸುತ್ತಾ ಅಂಗಳಕ್ಕಿಳಿದ.

"ಯಾರು ನೀನು?" ಎಂದಿತು ಕೊಕ್ಕರೆ.

"ನಿನ್ನ ಯಜಮಾನ!" ಎಂದು ಡೊಳ್ಳಪ್ಪ ಎದೆಯುಬ್ಬಿಸಿದ.

"ಹಾಗಾದರೆ ಒಳಗೆ ಬನ್ನಿ," ಎಂದು ಕೊಕ್ಕರೆ ಅವನನ್ನು ಗುಳುಮ್ಮನೆ ನುಂಗಿತು.

ದಡದಲ್ಲಿದ್ದ ಹಿರಿಯ ಕಪ್ಪೆಯೊಂದು ಗಂಟಲು ಸರಿಮಾಡಿಕೊಂಡು, "ಎಂಬತ್ತು ಬೀಜದ ಕೊಕ್ಕರೆಗೆ ಈಗ ಯಜಮಾನರಿಲ್ಲ. ಯಾರಿಗೆ ಬೇಕು?" ಎಂದು ಕೂಗಿತು.

ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನಾದಿನಿ.