ಹುಲ್ಲಿಲ್ಲದ ಮೂಲೆ

"ಗುರುಗಳೇ, ತಪ್ಪು ಒಪ್ಪಿಕೊಳ್ಳುವುದಕ್ಕೆ ತಕ್ಕ ಹೊತ್ತು ಯಾವುದು?" ಎಂದು ಶಿಷ್ಯ ಕೇಳಿದ.

ಗುರು ಅವನ ಮುಖ ನೋಡಲಿಲ್ಲ. ಯಾರ ತಪ್ಪು ಎಂದೂ ಕೇಳಲಿಲ್ಲ. ಕುಳಿತಲ್ಲೇ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹರೆಯದವನು. ಅವನು ನೇಗಿಲು ಹಿಡಿದರೆ ಸಾಲು ನೂಲು ಹಿಡಿದಂತೆ ಬರುತ್ತಿತ್ತು, ಅದು ನಿಜ. ಆ ನಿಜವನ್ನು ಅವನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ; ಅದೂ ನಿಜ. ಅವನೂ ಅವನ ತಾಯಿಯೂ ಚಿಕ್ಕಪ್ಪನ ಜಗುಲಿಯಲ್ಲಿ ದಿನ ನೂಕುತ್ತಿದ್ದರು. ಮಳೆ ಹಿಡಿಯುವ ಮೊದಲು ಸ್ವಂತಕ್ಕೊಂದು ಮನೆ ಎಬ್ಬಿಸುತ್ತೇನೆಂದು ಅವನು ಪಣ ತೊಟ್ಟ.

ಆ ಊರಲ್ಲಿ ಮನೆಯೆಂದರೆ ಮಣ್ಣಿನದೇ. ಇಟ್ಟಿಗೆಯಿಲ್ಲ, ಅಚ್ಚಿಲ್ಲ. ಗುಂಡಿಯಲ್ಲಿ ಮಣ್ಣು ನೆನೆಹಾಕಿ, ರಾಗಿ ಹುಲ್ಲು ಉದುರಿಸಿ, ಕಾಲಲ್ಲಿ ತುಳಿದು, ಮುದ್ದೆ ಮಾಡಿ, ಒಂದರ ಮೇಲೊಂದು ಅಮುಕಿ ಕೂರಿಸುತ್ತಾ ಹೋಗುವುದು. ಸುತ್ತಲೂ ಮೊಳದೆತ್ತರ ಬಂದರೆ ಅದೊಂದು ಸುತ್ತು. ಅದು ಎರಡು ದಿನ ಆರಿದ ಮೇಲೆ ಇನ್ನೊಂದು ಸುತ್ತು. ಏಳು ಸುತ್ತಿಗೆ ಗೋಡೆ ಮುಗಿಯುತ್ತದೆ. ಇದಕ್ಕೆ ಕೂಲಿಯಿಲ್ಲ, ಮನೆಗೊಬ್ಬರಂತೆ ಮುಯ್ಯಾಳು ಬರುತ್ತಾರೆ. ಇವತ್ತು ಅವರು ನಿನ್ನ ಮಣ್ಣು ತುಳಿದರೆ ನಾಳೆ ನೀನು ಅವರದ್ದು ತುಳಿಯಬೇಕು.

ಅಲ್ಲಿ ಒಂದು ಕಟ್ಟಳೆಯಿತ್ತು. ಮಣ್ಣು ಹದಕ್ಕೆ ಬಂತೆಂದು ತುಳಿದವನು ಹೇಳಬಾರದು. ಬೇರೆಯವನು ಬಂದು ಒಂದು ಮುದ್ದೆ ಎತ್ತಿ ಎದೆಮಟ್ಟದಿಂದ ನೆಲಕ್ಕೆ ಬಿಡಬೇಕು. ಮುದ್ದೆ ಒಡೆಯದೆ ಕೂತರೆ ಹದ. ಬಿರಿದರೆ ಇನ್ನಷ್ಟು ತುಳಿಯಬೇಕು. ದಣಿದ ಕಾಲು ಸುಳ್ಳು ಹೇಳುತ್ತದೆ ಎಂಬುದು ಹಿರಿಯರ ಮಾತು.

ಮೊದಲ ದಿನ ನಾಲ್ಕು ಮೂಲೆಗೆ ನಾಲ್ಕು ಗುಂಡಿ ತೋಡಿದರು. ಮೂರಕ್ಕೆ ಐದೈದು ಜನ ಇಳಿದರು. ನಾಲ್ಕನೆಯದಕ್ಕೆ ರೈತ ಒಬ್ಬನೇ ಇಳಿದ. ಸೂರಿನ ತೊಲೆ ಕೂರುವುದು ಆ ಮೂಲೆಯ ಮೇಲೆ.

"ನಾನೂ ಬರ್ಲೇನೋ?" ಎಂದು ಅವನ ಗೆಳೆಯ ಕೇಳಿದ.

"ನೀನು ಅಲ್ಲೇ ತುಳಿ. ನಿಮ್ಮ ಮೂಲೆ ಮೊಣಕಾಲಿಗೆ ಬರೋ ಹೊತ್ತಿಗೆ ನನ್ನ ಮೂಲೆ ನಿಮಗೆ ನೆರಳು ಕೊಡ್ತಿರ್ತದೆ," ಎಂದ ರೈತ.

ಹೊತ್ತು ಮಾರುದ್ದ ಏರಿತು. ಮೂರು ಮೂಲೆಗಳಲ್ಲಿ ಮುದ್ದೆ ಕೂರತೊಡಗಿತು. ರೈತನ ಮೀನಖಂಡ ಕಲ್ಲಾಗಿತ್ತು. ಹುಲ್ಲಿನ ಹೊರೆ ಅರ್ಧಕ್ಕರ್ಧ ಗುಂಡಿಯ ದಂಡೆಯ ಮೇಲೇ ಉಳಿದಿತ್ತು.

"ಎಲ್ಲಪ್ಪಾ ನೆರಳು? ಇಲ್ಲಿ ತಲೆ ಕಾಯ್ತಾ ಇದೆ," ಎಂದು ಗೆಳೆಯ ಕೂಗಿದ. ಎಲ್ಲರೂ ನಕ್ಕರು.

ರೈತ ಯಾರನ್ನೂ ಕರೆಯಲಿಲ್ಲ. ಮುದ್ದೆ ಎತ್ತಿಸಿ ಹದ ನೋಡಿಸಲೂ ಇಲ್ಲ. ಹುಲ್ಲು ಕೂಡದ ಹಸಿ ಮಣ್ಣನ್ನೇ ಮೂಲೆಯ ಹೊಟ್ಟೆಗೆ ತುಂಬಿದ. ಹುಲ್ಲು ಬೆರೆತದ್ದನ್ನು ಹೊರಮೈಗೆ ಮೆತ್ತಿದ. ಎಲ್ಲರಿಗಿಂತ ಮೊದಲು ಮುಗಿಸಿ ಸೊಂಟಕ್ಕೆ ಕೈಯಿಟ್ಟು ನಿಂತ. ಉಳಿದ ಹುಲ್ಲನ್ನು ಎತ್ತಿನ ಮುಂದೆ ಎಸೆದ. ಎತ್ತು ಅದನ್ನು ತಿಂದು ಮುಗಿಸುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಮೂಲೆಯ ಬಳಿ ಬಂದು ಬೆರಳಿಂದ ಒತ್ತಿ ನೋಡಿದ. ಗೋಡೆ ಇನ್ನೂ ಹಸಿ. ಈಗ ಹೇಳಿದರೆ ಕೈಯಲ್ಲೇ ತೋಡಿ ತೆಗೆಯಬಹುದು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂತು. ನೋಡಲು ಬಂದವರೆಲ್ಲ ಅವನ ಮೂಲೆಯ ಮೈ ಸವರಿ ಭೇಷ್ ಎಂದರು. ಅವನೂ ಅವರ ಜೊತೆ ಸವರಿದ.

ಎರಡನೆಯ ಸುತ್ತು ಬಂತು, ಅವನ ಗುಂಡಿಗೂ ಊರವರು ಇಳಿದರು. ಮೂರನೆಯದೂ ಬಂತು. ತಾಯಿ ಒಳಗೆಲ್ಲ ಓಡಾಡಿ ನೋಡಿ, ಅದೇ ಮೂಲೆಗೆ ಬೆನ್ನು ಕೊಟ್ಟು ಕೂತಳು. "ಇಲ್ಲಿ ಗಾಳಿ ಬಡಿಯಲ್ಲ ಮಗಾ. ನನ್ನ ಚಾಪೆ ಇಲ್ಲೇ," ಎಂದಳು. 

ನಾಲ್ಕನೆಯ ಸುತ್ತಿಗೆ ಮೂಲೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಯಾರೂ ಬರುವ ಮೊದಲೇ ಹೋಗಿ ಸಗಣಿ ಸಾರಿಸಿದ. ಐದನೆಯ ಸುತ್ತಿಗೆ ಬಿರುಕು ಸಗಣಿಯನ್ನೂ ಸೀಳಿಕೊಂಡು ಬಂತು. ಮತ್ತೆ ಸಾರಿಸಿದ.  ಎಲ್ಲೋ ಹಲಗೆ ಬಿದ್ದರೆ ಮೂಲೆಯ ಕಡೆ ಓಡುತ್ತಿದ್ದ. ಮೇಲೇರಿದ ಒಂದೊಂದು ಮುದ್ದೆಯೂ ತನ್ನ ತಲೆಯ ಮೇಲೇ ಕೂತಂತೆ ಅವನಿಗೆ ಭಾಸವಾಗುತ್ತಿತ್ತು.

ಊರಿನ ಗೋಡೆಗಳನ್ನೆಲ್ಲ ಮುಂದೆ ನಿಂತು ಎಬ್ಬಿಸಿದ ಒಬ್ಬ ಮುದುಕಿಯಿದ್ದಳು. ಆರನೆಯ ಸುತ್ತಿನ ದಿನ ಅವನು ಅವಳ ಪಕ್ಕ ಹೋಗಿ ನಿಂತ.

"ಅಜ್ಜಿ, ಬುಡದ ಸುತ್ತಲ್ಲಿ ಹುಲ್ಲು ಕಮ್ಮಿ ಬಿದ್ದಿದ್ರೆ ಏನಾಗ್ತದೆ?"

"ಯಾರ ಮನೇಲಪ್ಪ?"

"ಯಾರದ್ದೂ ಅಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ ಕೇಳಿದ ಮನೆ ಬಿದ್ರೆ ಯಾರಿಗೂ ಏಟಾಗಲ್ಲ ಬಿಡು," ಎಂದು ಮುದುಕಿ ಅವನ ಮುಖವನ್ನೇ ನೋಡಿದಳು. ಅವನು ಮಣ್ಣು ಹೊರುವ ಮಂಕರಿ ಎತ್ತಿಕೊಂಡು ಆಚೆ ಹೋದ.

ಏಳನೆಯ ಸುತ್ತೂ ಆರಿತು. ತೊಲೆ ಏರಿಸುವ ದಿನ ಮೂಡಲಲ್ಲಿ ಮೋಡ ಕಪ್ಪಿಟ್ಟಿತ್ತು. ಬೇಗ ಬೇಗ ಎನ್ನುತ್ತಾ ಊರೇ ಸೇರಿತು. ಹತ್ತು ಜನ ತೊಲೆಗೆ ಹಗ್ಗ ಬಿಗಿದರು. ಮೇಲಿನಿಂದ ಹಿಡಿದೆಳೆಯಲು ಒಬ್ಬ ಬೇಕಿತ್ತು. ಗೆಳೆಯ ಪಂಚೆ ಎತ್ತಿ ಕಟ್ಟಿ, ಏಣಿ ಹತ್ತಿ, ಆ ಮೂಲೆಯ ಮೇಲೆ ಕಾಲಿಟ್ಟ. ಕೆಳಗೆ, ನೆರಳಿರುವ ಜಾಗ ನೋಡಿ, ತಾಯಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಿದ್ದಳು.

"ಇಳಿ," ಎಂದ ರೈತ.

"ಯಾಕ್ಲಾ, ನಾನು ನಿಂತ್ರೆ ನಿನ್ನ ಮೂಲೆ ಸವೆದು ಹೋಗ್ತದಾ?"

"ಇಳಿಯೋ. ಅವ್ವ, ಎದ್ದು ಈಚೆ ಬಾ."  ಹಗ್ಗ ಹಿಡಿದವರು ಹಗ್ಗ ಸಡಿಲಿಸಿದರು. "ಬುಡದಲ್ಲಿ ಹುಲ್ಲಿಲ್ಲ. ಹದ ನೋಡಿಸಲಿಲ್ಲ. ಮೊದಲನೇ ದಿನದಿಂದ ನನಗೆ ಗೊತ್ತು."

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಗೆಳೆಯ ಮೆಲ್ಲಗೆ, ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದ. 

ಮುದುಕಿ ಹೇಳಿದಳು: "ಅವತ್ತೇ ಹೇಳಿದ್ರೆ ಕೈಯಲ್ಲಿ ತೋಡ್ತಿದ್ವಿ. ಇವತ್ತು ಹಾರೆ ಬೇಕು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ರೆ ಚಟ್ಟ ಕಟ್ಟಬೇಕಾಗಿತ್ತು. ಹೋಗು, ಹಾರೆ ತಾ."

ಏಳು ಸುತ್ತಿನ ಮೂಲೆಯನ್ನು ಮೇಲಿನಿಂದ ಕೆಡವುತ್ತಾ ಬಂದರು. ಮೇಲಿನ ಆರು ಸುತ್ತು ಒಂದೆರಡು ಏಟಿಗೆ ಜಗ್ಗಲಿಲ್ಲ. ಊರವರ ತುಳಿತ ಅಷ್ಟು ಗಟ್ಟಿ. ಬುಡದ ಸುತ್ತು ಹಾರೆಯ ತುದಿ ತಾಗಿದ್ದೇ ಹುರಿಹಿಟ್ಟಿನಂತೆ ಉದುರಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದ ಗೋಡೆಗಳಿಗೆ ಸೋಗೆ ಹೊದಿಸಿ ಎಲ್ಲರೂ ಹೊರಟರು. ಆ ಮಳೆಗಾಲವನ್ನೂ ತಾಯಿ ಮಗ ಚಿಕ್ಕಪ್ಪನ ಜಗುಲಿಯಲ್ಲೇ ಕಳೆದರು.

ಬಿಸಿಲು ಬಂದ ಮೇಲೆ ಐದು ಜನ ಗುಂಡಿಗೆ ಇಳಿದರು. ರೈತ ಕೇಳದೆಯೇ ಆರನೆಯವನಾಗಿ ಇಳಿದ. ಮುದ್ದೆ ಎತ್ತಿ ನೆಲಕ್ಕೆ ಬಿಟ್ಟವನು ಗೆಳೆಯ. ಮುದ್ದೆ ಒಡೆಯಲಿಲ್ಲ. ಆದರೂ ಅವನು ಇನ್ನೊಂದು ಎತ್ತಿ ಬಿಟ್ಟು ನೋಡಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ದೀರ್ಘವಾಗಿ ಉಸಿರು ಬಿಟ್ಟ.

"ಅಂದರೆ ಏಳನೆಯ ಸುತ್ತಿನ ಮೇಲೆ ಹೇಳಿದರೂ ಊರವರು ಕೈಬಿಡಲಿಲ್ಲ. ಹಾಗಾದರೆ ತೊಲೆ ಏರುವ ತನಕ ಹೊತ್ತಿದೆ ಎಂದಾಯಿತಲ್ಲವೇ, ಗುರುಗಳೇ?"

ಗುರು ಆಗ ಮೊದಲ ಸಲ ಅವನ ಮುಖವನ್ನು ನೋಡಿದರು.

"ನಿನ್ನ ಗೋಡೆ ಈಗ ಎಷ್ಟನೆಯ ಸುತ್ತಿಗೆ ಬಂದಿದೆ?"