ಚಿನ್ನದ ನಿಬ್ಬು

ಮಡಿವಾಳಯ್ಯನಿಗೆ ಪೆನ್ನಿನ ಹುಚ್ಚು ಹಿಡಿದಿತ್ತು. ಅಂತಿಂಥ ಪೆನ್ನಲ್ಲ, ಪರದೇಶದ್ದು, ಚಿನ್ನದ ನಿಬ್ಬಿನದು. ಪೇಟೆಯ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿತ್ತು. ಹಾಲು ಕರೆಯುವ ಎಮ್ಮೆಯೊಂದು ಬರುವಷ್ಟು ಬೆಲೆ.

ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಹೊಳೆದಂಡೆಯ ಮಠದ ಅಜ್ಜಾರಿಗೆ ನೂರಿಪ್ಪತ್ತು ತತ್ವಪದಗಳ ಅರ್ಥ ಬಾಯಲ್ಲೇ ಇತ್ತು, ಎಲ್ಲೂ ಬರೆದದ್ದಿರಲಿಲ್ಲ. ಅದನ್ನು ಬರೆದಿಡುವ ಹೊಣೆ, ಹನ್ನೆರಡು ವರ್ಷ ಪಾಠ ಕೇಳಿದ ಮಡಿವಾಳಯ್ಯನದು. ಅಜ್ಜಾರಿಗೆ ಎಂಬತ್ತನಾಲ್ಕು. ಹೋದ ವಾರ ಪಾಠದ ನಡುವೆ ಒಂದು ಸಾಲು ಮರೆತು ಸುಮ್ಮನೆ ಕೂತುಬಿಟ್ಟಿದ್ದರು.

ಆದರೂ ಬರವಣಿಗೆ ಸಾಗದು. ಆ ಮಠದಲ್ಲೊಂದು ರೂಢಿ. ಹಾಳೆಯ ನೆತ್ತಿಗೆ ಶ್ರೀಕಾರ ಹಾಕಿದ ಮೇಲೆ ಅದರಲ್ಲಿ ಗೀಟು ಹೊಡೆಯುವಂತಿಲ್ಲ, ಅದನ್ನು ಹರಿಯುವಂತಿಲ್ಲ. ಮಡಿವಾಳಯ್ಯ ಶ್ರೀಕಾರ ಹಾಕುತ್ತಿದ್ದ, ತಪ್ಪಾದೀತೆಂದು ಹೆದರಿ ಅಲ್ಲಿಗೇ ನಿಲ್ಲುತ್ತಿದ್ದ. ಹಾಗೆ ಏಳು ವಹಿಗಳು ಖಾಲಿ ಬಿದ್ದಿದ್ದವು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನು ಪೆನ್ನನ್ನು ಬೈದ.

"ಒಳ್ಳೇ ಪೆನ್ನಿದ್ರ ಕೈ ತಾನ ಓಡತೈತ್ರಿ, ಅಜ್ಜಾರ. ಭಕ್ತರೊಬ್ಬರು ಕೊಡಸ್ತೀನಿ ಅಂದಾರ."

ಬೈಗುಳ ಬಂದೀತೆಂದು ತಲೆ ತಗ್ಗಿಸಿ ನಿಂತ. ಅಜ್ಜಾರು ಕೋಲು ಹಿಡಿದು ಎದ್ದರು.

"ನಡಿ, ನೋಡೂಣು."

ಅಂಗಡಿಯ ಪಾವಟೆ ಸಾಹುಕಾರ ಅಜ್ಜಾರ ಕಾಲು ಮುಟ್ಟಿ ನಮಸ್ಕರಿಸಿದ. ಚಿನ್ನದ ಪೆನ್ನಿಗೆ ಶಾಯಿ ತುಂಬಿದ. ಬರೆದು ನೋಡಲೆಂದು, ಒಂದು ಮಗ್ಗಲು ಅಚ್ಚಾದ ಹಳೆಯ ಹಾಳೆಗಳ ರದ್ದಿ ಕಟ್ಟು ಮುಂದಿಟ್ಟ. ರದ್ದಿಗೆ ಯಾರು ಶ್ರೀಕಾರ ಹಾಕುತ್ತಾರೆ? ಮಡಿವಾಳಯ್ಯನೂ ಹಾಕಲಿಲ್ಲ. ಏನು ಬರೆಯಲಿ ಎಂದು ಅಜ್ಜಾರನ್ನು ಕೇಳಿದ.

"ಮೊದಲನೇ ಪದದ ಅರ್ಥ ಬರಿ. ನಿಬ್ಬ ಹೆಂಗ ಓಡತೈತಿ ನೋಡೂಣು."

ಬರೆದ. ಎರಡನೇ ಸಾಲಿನಲ್ಲೇ ತಪ್ಪಿತು, ಗೀಟು ಹೊಡೆದು ಮುಂದೆ ಹೋದ. ಹಾಳೆ ತುಂಬಿತು, ಇನ್ನೊಂದು ಎಳೆದುಕೊಂಡ.

ಅಜ್ಜಾರು ಮೆಲ್ಲಗೆ ಆ ಪೆನ್ನು ತೆಗೆದುಕೊಂಡು, ಇದನ್ನೂ ನೋಡು ಎಂದು ಅದಕ್ಕಿಂತ ಅಗ್ಗದ್ದನ್ನು ಕೊಟ್ಟರು. ಸ್ವಲ್ಪ ಹೊತ್ತಿಗೆ ಅದಕ್ಕಿಂತಲೂ ಅಗ್ಗದ್ದು. ಕೊನೆಗೆ ಸಾಹುಕಾರ ಬಿಲ್ಲು ಬರೆಯುತ್ತಿದ್ದ ಟೋಪಿಯಿಲ್ಲದ ಬಾಲ್ ಪೆನ್ನನ್ನೇ ಕೈಗೆ ತುರುಕಿದರು. ಮಡಿವಾಳಯ್ಯ ತಲೆ ಎತ್ತಿದರೆ ತಾನೆ? ನಡುನಡುವೆ ತನ್ನಷ್ಟಕ್ಕೆ ಪದ ಗುನುಗುತ್ತ, ಹೊಡೆದುಹಾಕುತ್ತ, ತಿದ್ದುತ್ತ ಬರೆಯುತ್ತಲೇ ಇದ್ದ.

ಬಿಸಿಲು ಇಳಿಯುವಷ್ಟರಲ್ಲಿ ನಾಲ್ಕು ಪದಗಳ ಅರ್ಥ ಮುಗಿಯಿತು. ಆಗ ಕೈಯಲ್ಲಿದ್ದ ಪೆನ್ನನ್ನು ನೋಡಿದ. ನಾಚಿಕೆಯಾಯಿತು, ಅದರ ಬೆನ್ನಿಗೇ ನಗು ಬಂತು. ಎಷ್ಟೋ ತಿಂಗಳ ಮೇಲೆ ಅವನ ಜೀವಕ್ಕೆ ಹಗುರವೆನಿಸಿತು.

ಅಜ್ಜಾರು ಗೀಚಿದ ಹಾಳೆಗಳನ್ನು ಒಂದೊಂದಾಗಿ ಓದಿದರು. ಓದಿದ್ದನ್ನು ಮಡಚಿ ಜೋಳಿಗೆಗೆ ಹಾಕಿಕೊಂಡರು.

ಚಿನ್ನದ ಪೆನ್ನು ಕಟ್ಟಿ ಕೊಡಲೇ ಎಂದು ಸಾಹುಕಾರ ಕೇಳಿದ.

"ಪೆನ್ನ ಇರ್ಲಿ ಬಿಡು," ಅಂದರು ಅಜ್ಜಾರು. "ನಿನ್ನ ಕಡೆ ಇಂಥಾ ರದ್ದಿ ಇನ್ನೂ ಎಷ್ಟೈತಿ? ಅಷ್ಟೂ ಕಟ್ಟು."